ಭಟ್ಕಳದ ಗೆರೆ ದಾಟಿದ ಬೈಗೆ

ಕುಂದಾಪುರದ ಹತ್ತಿರದ ಒಂದು ವಾಚನಾಲಯದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ನನ್ನ ಮಾತನ್ನು ಸ್ವಲ್ಪ ಒಪ್ಪ ಮಾಡಿದ್ದೇನೆ. ನಡುವೆ ಎದ್ದು ನಿಂತು ನನ್ನನ್ನು ತಿದ್ದಿದವರ ಮಾತನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ದೊಡ್ಡದು. ಕಡಲು ಬಿಸಿಯಾದರೆ ಮೀನು ಎಲ್ಲಿಗೆ ಹೋಗುತ್ತದೆ ಅಂತ. ಜಗತ್ತಿನ ಎಲ್ಲ ಕಡಲು, ಎಲ್ಲ ಮೀನಿನ ಲೆಕ್ಕ ಹಿಡಿದು ಕೂತರೆ ನಾಳೆ ಬೆಳಗ್ಗೆ ಬೋಟು ಬಂದರೂ ಮುಗಿಯುವುದಿಲ್ಲ. ಹಾಗಾಗಿ ಒಂದೇ ಮೀನು ಹಿಡಿದುಕೊಳ್ಳುತ್ತೇನೆ. ನಮ್ಮ ಬೈಗೆ. ಮಂಗಳೂರಿನವರಿಗೆ ಬೂತಾಯಿ, ಕಾರವಾರದವರಿಗೆ ತಾರ್ಲೆ, ಕೇರಳದವರಿಗೆ ಮತ್ತಿ. ಬಂಗುಡೆ, ಮದಿಮಲ್ ಅನ್ನುವ ಬೇರೆ ಎರಡು ಮೀನುಗಳೂ ಮಾತಿನ ನಡುವೆ ಒಂದೊಂದು ಸಲ ತಲೆ ಹಾಕುತ್ತವೆ. ಅವನ್ನು ತಡೆಯುವುದಿಲ್ಲ.

ನಾನು ಹುಡುಗನಾಗಿದ್ದಾಗ ಬೈಗೆ ಜಾಸ್ತಿ ಬಿದ್ದ ವರ್ಷ ತಿಂದು ಮುಗಿಸುವವರೇ ಇರುತ್ತಿರಲಿಲ್ಲ. ಮಿಕ್ಕಿದ್ದನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಬೇಯಿಸಿ ಎಣ್ಣೆ ತೆಗೆದು ಅದೇ ಎಣ್ಣೆಯನ್ನು ದೋಣಿಯ ಹಲಗೆಗೆ ಬಳಿಯುತ್ತಿದ್ದರು. ಮರುವರ್ಷ ನೋಡಿದರೆ ಸಾರಿಗೂ ನಾಲ್ಕು ಮೀನು ಸಿಗುತ್ತಿರಲಿಲ್ಲ. ಅಮ್ಮ ಅದಕ್ಕೆ ತಲೆ ಕೆಡಿಸಿಕೊಂಡದ್ದು ನಾನು ನೋಡಿಲ್ಲ. 'ಬೈಗೆ ಅಂದ್ರೆ ಹಾಗೇ' ಅಂತ ಹೇಳಿ ಒಣಮೀನಿನ ಡಬ್ಬಿ ತೆಗೆಯುತ್ತಿದ್ದಳು.

ಅಮ್ಮನ ಮಾತನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಈಗ ಈ ಭೂಪಟ ನೋಡಿ. ಇಲ್ಲಿ ಕೆಳಗೆ ಕನ್ಯಾಕುಮಾರಿ. ಹತ್ತಿರ ಹತ್ತಿರ 8 ಡಿಗ್ರಿ ಉತ್ತರ ಅಕ್ಷಾಂಶ. ಇಲ್ಲಿ ನಮ್ಮ ಭಟ್ಕಳ. ಸರಿಸುಮಾರು 14 ಡಿಗ್ರಿ. 1985ಕ್ಕಿಂತ ಮುಂಚೆ ದೇಶದಲ್ಲಿ ಹಿಡಿದ ಬೈಗೆ ಹೆಚ್ಚುಕಡಿಮೆ ಎಲ್ಲವೂ ಈ ಎರಡು ಗೆರೆಗಳ ನಡುವಿನದು. ಕಾರವಾರದಲ್ಲಿ, ಗೋವಾದಲ್ಲಿ ಸಿಗುತ್ತಲೇ ಇರಲಿಲ್ಲ ಅಂತ ಅಲ್ಲ. ಸಿಗುತ್ತಿತ್ತು. ಆದರೆ ದೇಶದ ಲೆಕ್ಕದಲ್ಲಿ ಅದು ಸಣ್ಣ ಪಾಲು. ಅಂದರೆ ಬೈಗೆಯ ಹಳೇ ಸಾಮ್ರಾಜ್ಯದ ಬಡಗಣ ಬೇಲಿ ಭಟ್ಕಳದ ಆಸುಪಾಸಿನಲ್ಲೇ ಇತ್ತು. ನಮ್ಮ ಮನೆ ಹಿತ್ತಿಲಲ್ಲೇ ಅನ್ನಿ.

1985ರ ನಂತರ ಈ ಬೇಲಿ ಮುರಿಯಿತು. 14 ಡಿಗ್ರಿಗಿಂತ ಮೇಲೆ, ಗೋವಾ, ಮಹಾರಾಷ್ಟ್ರ, ಗುಜರಾತ್ ತನಕ ಬೈಗೆ ಬಲೆಗೆ ಬೀಳತೊಡಗಿತು. ಆ ಕಡೆ ಕನ್ಯಾಕುಮಾರಿ ಸುತ್ತಿಕೊಂಡು ಪೂರ್ವ ಕರಾವಳಿಗೂ ಹೋಯಿತು. ತಮಿಳುನಾಡು, ಆಂಧ್ರ, ಅಲ್ಲಿಂದ ಮೇಲಕ್ಕೂ. ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ಬಂದರುಗಳಲ್ಲಿ ಮೀನು ಇಳಿಯುವ ಲೆಕ್ಕವನ್ನು ದಶಕಗಳಿಂದ ಇಡುತ್ತಾ ಬಂದಿದೆ. ಆ ಸಂಸ್ಥೆಯ ವಿಜ್ಞಾನಿ ಇ. ವಿವೇಕಾನಂದನ್ ಮತ್ತು ಅವರ ಜೊತೆಯವರು ಈ ಲೆಕ್ಕವನ್ನೂ ನೀರಿನ ಬಿಸಿಯ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬೈಗೆಗೆ ಹಿತವಾದ ನೀರು ಸುಮಾರು 27ರಿಂದ 29 ಡಿಗ್ರಿಯದು. ಮೊದಲು ಬಡಗಣ ಕಡಲು ಈ ಮೀನಿಗೆ ತಂಪು ಜಾಸ್ತಿ. ಅಲ್ಲಿ ನೀರು ಬಿಸಿಯಾಗುತ್ತಾ ಬಂದ ಹಾಗೆ ಬೈಗೆಗೆ ಹಿತವಾದ ಜಾಗವೂ ಹಿಗ್ಗುತ್ತಾ ಹೋಯಿತು.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿಯಬೇಕು. ಪತ್ರಿಕೆಗಳಲ್ಲಿ 'ಬೂತಾಯಿ ಗುಳೆ ಹೋಯಿತು' ಅಂತ ಬರೆಯುತ್ತಾರೆ. ಆ ಕಾಲದಲ್ಲಿ ಬೈಗೆ ಗುಳೆ ಹೋಗಲಿಲ್ಲ. ಮಲಬಾರ್ ತೀರದಲ್ಲಿ ಹಿಡಿತ ಒಟ್ಟಿನಲ್ಲಿ ಕಮ್ಮಿಯಾಗಲಿಲ್ಲ. ಹಳೇ ಮನೆ ಇಟ್ಟುಕೊಂಡೇ ಮೇಲೊಂದು, ಪಕ್ಕದಲ್ಲೊಂದು ಕೋಣೆ ಕಟ್ಟಿಸಿದ ಹಾಗೆ. ಕಡಲು ಬಿಸಿಯಾದದ್ದರಿಂದ ಸುಮಾರು 25 ವರ್ಷ ಈ ಮೀನಿಗೆ ಲಾಭವೇ ಆಯಿತು ಅಂದರೆ ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಲೆಕ್ಕ ಇದ್ದದ್ದು ಹಾಗೆ.

ಹಾಗಾದರೆ ಒಂದೆರಡು ಡಿಗ್ರಿಗೆ ಮೀನು ಯಾಕಿಷ್ಟು ತಲೆ ಕೆಡಿಸಿಕೊಳ್ಳುತ್ತದೆ? ನಮಗೆ ಒಂದು ಡಿಗ್ರಿ ಅಂದರೆ ಫ್ಯಾನಿನ ಗುಂಡಿ ಒಂದು ಸುತ್ತು ತಿರುಗಿಸುವ ವಿಷಯ. ನಮ್ಮ ಮೈ ಒಳಗೇ ಒಲೆ ಇದೆ, ಹೊರಗೆ ಚಳಿಯಾದರೂ ಸೆಖೆಯಾದರೂ ಒಳಗೆ 37 ಡಿಗ್ರಿ. ಮೀನಿಗೆ ಆ ಒಲೆ ಇಲ್ಲ. ಕೇದರ, ಅಂದರೆ ಟ್ಯೂನಾ, ಅಂಥ ಕೆಲವನ್ನು ಬಿಟ್ಟರೆ, ಸುತ್ತಲಿನ ನೀರು ಎಷ್ಟು ಬೆಚ್ಚಗೋ ಮೀನಿನ ಮೈಯೂ ಅಷ್ಟೇ ಬೆಚ್ಚಗೆ. ನೀರು ಬಿಸಿಯಾದರೆ ಮೈಯ ಕೆಲಸ ಜೋರಾಗುತ್ತದೆ. ಹಸಿವು ಜಾಸ್ತಿ, ಉಸಿರು ಜಾಸ್ತಿ ಬೇಕು. ತಮಾಷೆ ಏನಪ್ಪಾ ಅಂದರೆ ಬಿಸಿ ನೀರಿನಲ್ಲಿ ಉಸಿರೇ ಕಮ್ಮಿ. ಒಂದು ಲೀಟರ್ ಕಡಲ ನೀರು 20 ಡಿಗ್ರಿಯಲ್ಲಿ ಸುಮಾರು 7.4 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ 6.2 ಅಷ್ಟೇ. ಖರ್ಚು ಏರುವಾಗಲೇ ಸಂಬಳ ಇಳಿದ ಹಾಗೆ. ದೊಡ್ಡ ಮೀನು ಹೇಗೋ ತಡೆದುಕೊಳ್ಳುತ್ತದೆ. ಮೊಟ್ಟೆ ಮತ್ತು ಆಗಷ್ಟೇ ಒಡೆದು ಬಂದ ಮರಿಗೆ ಆ ತಾಕತ್ತು ಇಲ್ಲ.

ಮನುಷ್ಯ ಸುಟ್ಟ ಕಲ್ಲಿದ್ದಲು, ಎಣ್ಣೆಯಿಂದ ಭೂಮಿಯಲ್ಲಿ ಉಳಿದ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ 90 ಪಾಲಿಗೂ ಮಿಕ್ಕಿ ಕಡಲಿಗೇ ಸೇರಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ತಂಡದ ಲೆಕ್ಕದಂತೆ 1950ರಿಂದ 2020ರ ನಡುವೆ ನಮ್ಮ ಹಿಂದೂ ಮಹಾಸಾಗರದ ಉಷ್ಣವಲಯದ ಭಾಗ ಹತ್ತು ವರ್ಷಕ್ಕೆ ಸುಮಾರು 0.12 ಡಿಗ್ರಿಯಂತೆ ಬಿಸಿಯಾಗಿದೆ. ಕೇಳಲು ಏನೂ ಅಲ್ಲ ಅಲ್ವಾ? ಆದರೆ ಕಡಲಲ್ಲಿ ಬೆಟ್ಟ, ಕಾಡು, ನೆರಳು ಇಲ್ಲ. ತುಸು ತಂಪು ಬೇಕಾದರೂ ದೂರ ಹೋಗಬೇಕು. ನೆಲದ ಪ್ರಾಣಿ, ಗಿಡಗಳು ಹತ್ತು ವರ್ಷಕ್ಕೆ ಸರಾಸರಿ ಆರು ಕಿಲೋಮೀಟರ್ ಸರಿಯುತ್ತಿದ್ದರೆ ಕಡಲ ಜೀವಿಗಳ ಮುಂಚೂಣಿ ಸರಾಸರಿ 72 ಕಿಲೋಮೀಟರ್ ಮುಂದೆ ಹೋಗುತ್ತಿದೆ ಅಂತ 2013ರಲ್ಲಿ ಲೆಕ್ಕ ಹಾಕಿದರು. ಹೆಚ್ಚುಕಡಿಮೆ ಭಟ್ಕಳದಿಂದ ಗೋಕರ್ಣದ ದೂರ.

ಇಷ್ಟು ಹೇಳಿ 'ಬಿಸಿಯಾಯಿತು, ಮೀನು ಬಡಗಣಕ್ಕೆ ಹೋಯಿತು' ಅಂತ ಮುಗಿಸಬಹುದಿತ್ತು. ತುಂಬ ಉಪನ್ಯಾಸಗಳು ಇಲ್ಲೇ ಮುಗಿಯುತ್ತವೆ. ಆದರೆ 2012ರ ನಂತರ ಆದದ್ದನ್ನು ಇದು ವಿವರಿಸುವುದಿಲ್ಲ.

2012ರಲ್ಲಿ ಕೇರಳ ಒಂದರಲ್ಲೇ ಸುಮಾರು 4 ಲಕ್ಷ ಟನ್ ಬೈಗೆ ಇಳಿಯಿತು. ಅಲ್ಲಿಂದ ಬಿದ್ದದ್ದು ನೋಡಿ, ನಡುವೆ ಸ್ವಲ್ಪ ಎದ್ದರೂ ಮತ್ತೆ ಬಿತ್ತು. 2021ರಲ್ಲಿ ಅದೇ ಕೇರಳದಲ್ಲಿ ಇಳಿದದ್ದು 3,297 ಟನ್. ಲಕ್ಷ ಅಲ್ಲ, ಮೂರು ಸಾವಿರದ ಇನ್ನೂರ ತೊಂಬತ್ತೇಳು. ನಾಲ್ಕು ಲಕ್ಷದಲ್ಲಿ ನೂರಕ್ಕೆ ಒಂದು ಪಾಲೂ ಉಳಿಯಲಿಲ್ಲ. ಮತ್ತಿ ಇಲ್ಲದೆ ಊಟ ಇಳಿಯದ ಕೇರಳಕ್ಕೆ ತಮಿಳುನಾಡಿನಿಂದ, ಒಮಾನಿನಿಂದ ಮತ್ತಿ ಬಂತು. ನಮ್ಮಲ್ಲೂ ಬೂತಾಯಿ ಬೆಲೆ ಬಂಗುಡೆಯ ಜೊತೆ ಪೈಪೋಟಿಗೆ ಬಿದ್ದದ್ದು ನಿಮಗೆ ನೆನಪಿರಬಹುದು.

ಹಾಗಾದರೆ ಆ ಮೀನೆಲ್ಲ ಗುಜರಾತಿಗೆ ಹೋಯಿತಾ? ಇಲ್ಲ. ಅಲ್ಲಿ ನಾಲ್ಕು ಲಕ್ಷ ಟನ್ ಹೊಸದಾಗಿ ಕಾಣಿಸಿಕೊಳ್ಳಲಿಲ್ಲ. ಮೀನು ಹೋದದ್ದು ಇನ್ನೊಂದು ಊರಿಗಲ್ಲ. ಹುಟ್ಟಬೇಕಾದದ್ದು ಹುಟ್ಟಲಿಲ್ಲ, ಹುಟ್ಟಿದ್ದು ಬದುಕಲಿಲ್ಲ. ಇದು ತಿಳಿಯಬೇಕಾದರೆ ಬೈಗೆಯ ಊಟದ ವಿಷಯಕ್ಕೆ ಬರಬೇಕು.

ನೀವು ಬೇಸಿಗೆಯಲ್ಲಿ ಕೆರೆಗೆ ಇಳಿದಿದ್ದೀರಲ್ಲ. ಎದೆಯ ತನಕ ನೀರು ಬೆಚ್ಚಗೆ, ಕಾಲಿನ ಬೆರಳಿಗೆ ತಣ್ಣಗೆ. ಬಿಸಿ ನೀರು ಹಗುರ, ಮೇಲೆ ನಿಲ್ಲುತ್ತದೆ. ತಣ್ಣೀರು ಭಾರ, ಕೆಳಗೆ ಕೂರುತ್ತದೆ. ಕಡಲಲ್ಲೂ ಹಾಗೇ. ಗೊಬ್ಬರ ಇರುವುದು ಕೆಳಗಿನ ತಣ್ಣೀರಿನಲ್ಲಿ. ಬೆಳಕು ಇರುವುದು ಮೇಲೆ. ಎರಡೂ ಸೇರಿದರೆ ಮಾತ್ರ ಬೆಳೆ. ಸೇರಿಸುವವರು ಯಾರು? ಮಳೆಗಾಲದ ಗಾಳಿ.

ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿ ನಮ್ಮ ದಡದ ಉದ್ದಕ್ಕೂ ತೆಂಕಣ ದಿಕ್ಕಿಗೆ ನೀರನ್ನು ಎಳೆಯುತ್ತದೆ. ಭೂಮಿ ತಿರುಗುತ್ತಾ ಇರುವುದರಿಂದ ಆ ನೀರು ನೆಟ್ಟಗೆ ಹೋಗುವುದಿಲ್ಲ, ಬಲಕ್ಕೆ ಸರಿಯುತ್ತದೆ. ತೆಂಕಣಕ್ಕೆ ಮುಖ ಮಾಡಿ ನಿಂತರೆ ಬಲಗಡೆ ಯಾವುದು? ಪಡುವಣ. ದಡದಿಂದ ಆಚೆಗೆ. ಮೇಲಿನ ಬಿಸಿ ನೀರು ಆಚೆ ಹೋದಾಗ ಆ ಜಾಗ ತುಂಬಲು ಕೆಳಗಿನ ತಣ್ಣೀರು ಗೊಬ್ಬರ ಹೊತ್ತುಕೊಂಡು ಮೇಲೆ ಬರುತ್ತದೆ. ಇದು ಮೊದಲು ಕೇರಳದ ತೆಂಕು ತುದಿಯಲ್ಲಿ ಶುರುವಾಗಿ ನಿಧಾನಕ್ಕೆ ನಮ್ಮ ಕಡೆ ಬರುತ್ತದೆ. ಬರುತ್ತಾ ಬರುತ್ತಾ ಸೊರಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಲಕ್ಷದ್ವೀಪದ ಈಚೆಯ ಕಡಲು 30 ಡಿಗ್ರಿ ದಾಟಿ ಕುದಿಯುತ್ತಾ ಇರುತ್ತದೆ. ಆಗಸ್ಟಿನಲ್ಲಿ ಅದೇ ಕೇರಳದ ದಡದ ನೀರು ಎರಡು ಮೂರು ಡಿಗ್ರಿ ಇಳಿದಿರುತ್ತದೆ. ಇನ್ನೂ ಇಳಿದ ವರ್ಷಗಳೂ ಉಂಟು.

ಆಗ ನೀರು ಹಸಿರಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಹುಟ್ಟುತ್ತವೆ. ಅವುಗಳಲ್ಲಿ ಫ್ರಾಜಿಲೇರಿಯಾ ಓಶಿಯಾನಿಕಾ ಅಂತ ಒಂದಿದೆ. ಹೆಸರು ಉದ್ದ, ಆದರೆ ಬೈಗೆಗೆ ಅದು ನಮ್ಮ ಕುಚ್ಚಲಕ್ಕಿ ಗಂಜಿ ಇದ್ದ ಹಾಗೆ. ಈ ಪಾಚಿ ಚೆನ್ನಾಗಿ ಬೆಳೆದ ವರ್ಷ ಬೈಗೆಯೂ ಚೆನ್ನಾಗಿ ಬರುತ್ತದೆ ಅಂತ 1950ರ ದಶಕದಲ್ಲೇ ವಿಜ್ಞಾನಿಗಳು ಗಮನಿಸಿದ್ದರು. ಬೈಗೆ ಮೊಟ್ಟೆ ಇಡುವುದೂ ಇದೇ ಮಳೆಗಾಲದಲ್ಲಿ. ಮರಿ ಕಣ್ಣು ಬಿಡುವ ಹೊತ್ತಿಗೆ ಊಟ ಬಡಿಸಿರಬೇಕು. ಗಾಳಿ ತಡವಾದರೆ, ಅಥವಾ ಮೇಲಿನ ಬಿಸಿ ನೀರು ದಪ್ಪನೆಯ ಕಂಬಳಿಯ ಹಾಗೆ ಮುಚ್ಚಿಕೊಂಡು ಕೆಳಗಿನದನ್ನು ಮೇಲೆ ಬರಲು ಬಿಡದಿದ್ದರೆ, ಎಲೆ ಹಾಕಿದೆ, ಅನ್ನ ಇಲ್ಲ. ಬೈಗೆಯ ಆಯುಷ್ಯವೇ ಎರಡೂವರೆ, ಮೂರು ವರ್ಷ. ಸತತ ಎರಡು ಮಳೆಗಾಲ ಹೀಗಾದರೆ ಹಿಂಡೇ ಕರಗುತ್ತದೆ. 2015ರಲ್ಲಿ ಜೋರಾದ ಎಲ್ ನಿನೋ, ಅಂದರೆ ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಕಡಲು ಕಾಯುವ ವಿದ್ಯಮಾನ, ಬಂದಾಗ ಕಡಲು ಇನ್ನಷ್ಟು ಕಾಯಿತು. ಬೈಗೆ ಕುಸಿಯಲು ಅದೂ ಒಂದು ಕಾರಣ ಅಂತ ಸಿಎಂಎಫ್‌ಆರ್‌ಐ ಹೇಳಿತು.

ನೋಡಿ, ಬಿಸಿ ಒಂದೇ, ಆಟ ಎರಡು. ಬಡಗಣದಲ್ಲಿ ಚಳಿ ಕಳೆದು ಬಾಗಿಲು ತೆರೆಯಿತು. ತೆಂಕಣದಲ್ಲಿ ಅಡುಗೆಮನೆಯ ಬಾಗಿಲನ್ನೇ ಮುಚ್ಚಿತು. ಮೀನಿನ ಮೈಗೆ ತಾಗುವ ಬಿಸಿಗಿಂತ ಮೀನಿನ ಊಟಕ್ಕೆ ತಾಗುವ ಬಿಸಿ ದೊಡ್ಡದು ಅಂತ ನನ್ನ ಅಭಿಪ್ರಾಯ. ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇದನ್ನೇ. ನಕ್ಷೆಯಲ್ಲಿ ಬಾಣ ಹಾಕಿ 'ಮೀನು ಇಲ್ಲಿಂದ ಅಲ್ಲಿಗೆ' ಅಂತ ತೋರಿಸಿದರೆ ಅರ್ಧ ಕತೆ ಮಾತ್ರ.

ಬಂಗುಡೆಯ ಕತೆ ಬೇರೆ. ಅದೂ ಬಡಗಣಕ್ಕೆ ಹಬ್ಬಿದೆ. ಅದರ ಜೊತೆಗೆ ಕೆಳಕ್ಕೂ ಇಳಿದಿದೆ. ಬಂಗುಡೆ ಮೇಲ್ನೀರಿನ ಮೀನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ತೇಲುಬಲೆ ಹಾಕಿ ಹಿಡಿಯುತ್ತಿದ್ದದ್ದು. ತಳ ಎಳೆಯುವ ಟ್ರಾಲ್ ಬೋಟಿಗೆ ಬಂಗುಡೆ ಸಿಕ್ಕರೆ ಅದು ಅಪರೂಪ. 1985ರಿಂದ 89ರ ನಡುವೆ ದೇಶದ ಬಂಗುಡೆಯಲ್ಲಿ ಟ್ರಾಲ್ ಬೋಟಿನ ಪಾಲು ನೂರಕ್ಕೆ 2. 2003ರಿಂದ 2007ರ ಹೊತ್ತಿಗೆ 15. ಮೇಲಿನ ನೀರು ಕಾದಾಗ ಮೀನು ತಂಪಿಗೆ ಕೆಳಗೆ ಇಳಿಯಿತು, ತಳದ ಬಲೆಗೆ ಬಿತ್ತು ಅಂತ ವಿವರಣೆ. ನಾನು ಇದನ್ನು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಆ ಇಪ್ಪತ್ತು ವರ್ಷದಲ್ಲಿ ಟ್ರಾಲ್ ಬಲೆಯೂ ಬದಲಾಗಿದೆ. ಬಾಯಿ ಎತ್ತರ ಆಗಿದೆ, ಇಂಜಿನ್ ದೊಡ್ಡದಾಗಿದೆ. ಮೀನು ಬಲೆಯ ಹತ್ತಿರ ಎಷ್ಟು ಬಂತು, ಬಲೆ ಮೀನಿನ ಹತ್ತಿರ ಎಷ್ಟು ಹೋಯಿತು ಅಂತ ಬಿಡಿಸುವುದು ಸುಲಭ ಅಲ್ಲ.

ಕೆಳಗೆ ಇಳಿಯುವುದಕ್ಕೂ ಮಿತಿ ಇದೆ. ನಮ್ಮ ಅರಬ್ಬಿ ಸಮುದ್ರದ ನೆಲಮಾಳಿಗೆಯಲ್ಲಿ ಉಸಿರಿಲ್ಲ. ಆಳದಲ್ಲಿ, ಸುಮಾರು 150 ಮೀಟರ್‌ನಿಂದ ಕೆಳಗೆ ಸಾವಿರ ಮೀಟರ್ ತನಕ, ಆಮ್ಲಜನಕ ಬಹಳ ಕಮ್ಮಿ ಇರುವ ದೊಡ್ಡ ಪದರ ಇದೆ. ಜಗತ್ತಿನಲ್ಲೇ ಅತಿ ದಪ್ಪನೆಯ ಇಂಥ ಪದರಗಳಲ್ಲಿ ಇದೂ ಒಂದು. ಮಳೆಗಾಲದ ಕೊನೆಗೆ ಆ ನೀರು ನಮ್ಮ ದಡದ ಹತ್ತಿರದ ತನಕ ಏರಿ ಬರುತ್ತದೆ. ಮೇಲೆ ಸೆಖೆ, ಕೆಳಗೆ ಉಸಿರುಗಟ್ಟು. ಮೀನು ಇರುವುದು ನಡುವಿನ ಅಟ್ಟದಲ್ಲಿ. ಆ ಅಟ್ಟ ತೆಳುವಾದ ಹಾಗೆ ಬಲೆ ಹಾಕುವವನಿಗೆ ಕೆಲಸ ಸುಲಭ. ಮೀನು ಜಾಸ್ತಿ ಇದೆ ಅಂತ ಅವನಿಗೆ ಅನಿಸುತ್ತದೆ. ಇದ್ದದ್ದೆಲ್ಲ ಒಂದೇ ಕಡೆ ಒತ್ತಿಕೊಂಡಿದೆ ಅಂತ ಗೊತ್ತಾಗುವುದಿಲ್ಲ.

ಜಾಗ ಬಿಡದೆ ಪಂಚಾಂಗವನ್ನೇ ಬದಲಿಸಿದವೂ ಇವೆ. ಮದಿಮಲ್, ಕೆಲವು ಕಡೆ ರಾಣಿ ಮೀನು ಅನ್ನುತ್ತಾರೆ, ಗುಲಾಬಿ ಬಣ್ಣದ್ದು. ಚೆನ್ನೈ ಕಡೆ ಅದರ ಒಂದು ಜಾತಿಯನ್ನು ವಿಜ್ಞಾನಿಗಳು ವರ್ಷಗಟ್ಟಲೆ ಕೊಯ್ದು ನೋಡಿದರು. 1980ರ ದಶಕದ ಆರಂಭದಲ್ಲಿ ಮೊಟ್ಟೆ ತುಂಬಿದ ಮೀನುಗಳಲ್ಲಿ ಮೂರರಲ್ಲಿ ಒಂದು ಪಾಲು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಬಿಸಿ ತಿಂಗಳಲ್ಲಿ ಸಿಗುತ್ತಿತ್ತು. 2004ರ ಹೊತ್ತಿಗೆ ಅದು ನೂರಕ್ಕೆ 5ಕ್ಕೆ ಇಳಿದಿತ್ತು. ಉಳಿದ 95 ಅಕ್ಟೋಬರ್‌ನಿಂದ ಮಾರ್ಚ್ ನಡುವೆ, ತಂಪಿನ ತಿಂಗಳಲ್ಲಿ. ಮನೆ ಅದೇ, ಮದುವೆಯ ಮುಹೂರ್ತ ಮಾತ್ರ ಮುಂದಕ್ಕೆ ಹೋಯಿತು.

ಈಗ ಒಂದು ಪ್ರಶ್ನೆ ನಿಮಗೇ. ನಾವು ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟು ಕಟ್ಟಿ ಹಾಕುತ್ತೇವೆ. ಮೀನು ಮೊಟ್ಟೆ ಇಡುವ ಕಾಲ ಅಂತ. ಮೀನು ತನ್ನ ಕಾಲ ಬದಲಿಸುತ್ತಾ ಹೋದರೆ ನಮ್ಮ ರಜೆ ಯಾವ ಮೀನಿಗೆ? ರಜೆ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಆ ಎರಡು ತಿಂಗಳು ಬೈಗೆಗೆ ಬೇಕೇ ಬೇಕು. ಮದಿಮಲ್‌ಗೆ ಅದರಿಂದ ಎಷ್ಟು ಉಪಕಾರ ಅಂತ ಕೇಳುತ್ತಿದ್ದೇನೆ ಅಷ್ಟೇ.

ಇಷ್ಟು ಹೇಳುವಾಗ ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು ಎದ್ದರು. ನಲವತ್ತು ವರ್ಷ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸಿದವರು. 'ಮಾಷ್ಟ್ರೇ, ನೀರು ಬಿಸಿ ಆದ್ದು ಹೌದು. ಆದ್ರೆ ಬಲೆ ಮಾಡಿದ್ದು ಎಂತ ಅಂತ ನೀವು ಹೇಳಲೇ ಇಲ್ಲ' ಅಂದರು. ಸಭೆ ನಕ್ಕಿತು. ನನಗೆ ಸ್ವಲ್ಪ ನಾಚಿಕೆಯಾಯಿತು, ಯಾಕೆಂದರೆ ಆ ಭಾಗ ನನ್ನ ಟಿಪ್ಪಣಿಯ ಕೊನೆಯಲ್ಲಿ ಎರಡೇ ಸಾಲು ಇತ್ತು. ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿ ತುಸು ಹಿಗ್ಗಿಸಿದ್ದೇನೆ.

ನಮ್ಮ ಕರಾವಳಿಯಲ್ಲಿ ರಂಪಣಿ ಇತ್ತು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ದಡದಲ್ಲಿ ಹತ್ತಾರು, ಕೆಲವು ಸಲ ನೂರು ಜನ ಸೇರಿ ಎಳೆಯುವುದು. ಮೀನು ತಾನಾಗಿ ದಡಕ್ಕೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಹಿಂಡಿಗೆ ಹಿಂಡನ್ನೇ ಸುತ್ತು ಹಾಕಿ ಕೆಳಗಿನಿಂದ ಚೀಲದ ಹಾಗೆ ಬಿಗಿಯುವ ಬಲೆ. ಹತ್ತೇ ವರ್ಷದಲ್ಲಿ ರಂಪಣಿ ಹೆಚ್ಚುಕಡಿಮೆ ಕಥೆಯಾಯಿತು. ಈಗ ಅದರ ಸಣ್ಣ ರೂಪ ಕೈರಂಪಣಿ ಉಳಿದಿದೆ. ಮೀನು ದಡ ಬಿಟ್ಟದ್ದಕ್ಕೆ ಆಗ ಬಿಸಿ ಕಾರಣ ಅಲ್ಲ, ಬಲೆ ಕಾರಣ.

ಆಮೇಲೆ ಮರಿ ಹಿಡಿಯುವ ವಿಷಯ. ಬೈಗೆ ಮೊದಲ ಸಲ ಮೊಟ್ಟೆ ಇಡಬೇಕಾದರೆ ಸುಮಾರು 15 ಸೆಂಟಿಮೀಟರ್ ಬೆಳೆಯಬೇಕು. ಹೆಚ್ಚುಕಡಿಮೆ ಒಂದು ವರ್ಷ. ಅದಕ್ಕೂ ಮೊದಲೇ ಬೆರಳುದ್ದದ್ದನ್ನು ಹಿಡಿದು ಮೀನನ್ನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಸುರಿದರೆ ಮುಂದಿನ ವರ್ಷದ ಬೀಜವನ್ನೇ ಹುರಿದು ತಿಂದ ಹಾಗೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಸಣ್ಣ ಮತ್ತಿ ಹಿಡಿಯಬಾರದು ಅಂತ ಕಾನೂನು ಇದೆ. ಇದು ಈ ಕಾಲದ ಚಿಂತೆಯೂ ಅಲ್ಲ. 1940ರ ದಶಕದಲ್ಲಿ ಬೈಗೆ ಕುಸಿದಾಗ ಅಂದಿನ ಮದ್ರಾಸ್ ಸರ್ಕಾರ ಸಣ್ಣ ಕಣ್ಣಿನ ಬಲೆಗಳಿಗೆ ತಡೆ ಹಾಕಿತ್ತು. ಆಗ ಟ್ರಾಲ್ ಬೋಟು, ಪರ್ಸೀನ್ ಯಾವುದೂ ಇರಲಿಲ್ಲ. ಕಡಲೂ ಇಷ್ಟು ಕಾದಿರಲಿಲ್ಲ. ಆದರೂ ಬೈಗೆ ಕುಸಿಯಿತು. 'ಬೈಗೆ ಅಂದ್ರೆ ಹಾಗೇ' ಅಂತ ಅಮ್ಮ ಹೇಳಿದ್ದು ಸುಮ್ನೆ ಅಲ್ಲ. ಏಳುವುದು, ಬೀಳುವುದು ಅದರ ಜಾತಕದಲ್ಲೇ ಇದೆ.

ಹಾಗಾದರೆ ಬಿಸಿಯದ್ದು ತಪ್ಪೋ ಬಲೆಯದ್ದು ತಪ್ಪೋ? ಬೋಟಿನವರು ಬಿಸಿ ಅನ್ನುತ್ತಾರೆ. ಪೇಟೆಯಲ್ಲಿ ಕೂತವರು ಬಲೆ ಅನ್ನುತ್ತಾರೆ. ಇಬ್ಬರಿಗೂ ಅನುಕೂಲದ ಉತ್ತರ ಅದು. ಮುದಿಯಾದ ಮೀನೂ, ನಡುವಯಸ್ಸಿನದೂ, ಮರಿಯೂ ಇರುವ ತುಂಬಿದ ಮನೆ ಒಂದು ಕೆಟ್ಟ ಮಳೆಗಾಲವನ್ನು ದಾಟುತ್ತದೆ. ಮರಿ ಮಾತ್ರ ಉಳಿದ ಮನೆ ದಾಟುವುದಿಲ್ಲ. ಬಲೆ ಮನೆ ಖಾಲಿ ಮಾಡುತ್ತದೆ, ಬಿಸಿ ಬಂದು ಬಾಗಿಲು ತಳ್ಳುತ್ತದೆ. ಹಿರಿಯರು ತಲೆ ಆಡಿಸಿ ಕೂತರು. ಒಪ್ಪಿದರೋ, ನನ್ನ ಮಾತು ಮುಗಿಯಲಿ ಅಂತ ಸುಮ್ಮನಾದರೋ, ಕೇಳುವ ಧೈರ್ಯ ಮಾಡಲಿಲ್ಲ.

ಮೀನು ಗೆರೆ ದಾಟಿದರೆ ಮನುಷ್ಯರಿಗೆ ಏನಾಗುತ್ತದೆ ಅಂತ ನೋಡಲು ಸ್ವಲ್ಪ ದೂರ ಹೋಗೋಣ. ಯುರೋಪಿಗೆ. ಅಲ್ಲಿಯೂ ಬಂಗುಡೆಯ ದಾಯಾದಿ ಒಂದಿದೆ, ಅಟ್ಲಾಂಟಿಕ್ ಮ್ಯಾಕರೆಲ್. ನಾರ್ವೆ ಮತ್ತು ಆಗ ಬ್ರಿಟನ್ನೂ ಸೇರಿದ್ದ ಐರೋಪ್ಯ ಒಕ್ಕೂಟ ಅದನ್ನು ಪಾಲು ಮಾಡಿಕೊಂಡು ಹಿಡಿಯುತ್ತಿದ್ದವು. 2000ದ ದಶಕದ ಕೊನೆಗೆ ಆ ಮೀನು ಐಸ್‌ಲ್ಯಾಂಡ್ ಕಡೆಗೆ ಹೋಗತೊಡಗಿತು. ಐಸ್‌ಲ್ಯಾಂಡ್ 2006ರಲ್ಲಿ ಹಿಡಿದದ್ದು ಸುಮಾರು 4 ಸಾವಿರ ಟನ್. 2011ರಲ್ಲಿ ಒಂದೂವರೆ ಲಕ್ಷ ಟನ್ ದಾಟಿತು. 'ನಮ್ಮ ನೀರಿಗೆ ಬಂದ ಮೀನು ನಮ್ಮದು' ಅಂತ ಐಸ್‌ಲ್ಯಾಂಡ್. 'ನಮ್ಮ ಮೀನು ಸುತ್ತಾಡಿಕೊಂಡು ಬರಲು ಹೋಗಿದೆ' ಅಂತ ಉಳಿದವರು. ಫ್ಯಾರೋ ದ್ವೀಪಗಳೂ ತಮ್ಮ ಪಾಲನ್ನು ತಾವೇ ಏರಿಸಿಕೊಂಡವು. 2010ರ ಆಗಸ್ಟಿನಲ್ಲಿ ಫ್ಯಾರೋದ ಒಂದು ಹಡಗು ಸ್ಕಾಟ್ಲೆಂಡಿನ ಪೀಟರ್‌ಹೆಡ್ ಬಂದರಿಗೆ ಮ್ಯಾಕರೆಲ್ ಇಳಿಸಲು ಬಂದಾಗ ಅಲ್ಲಿನ ಮೀನುಗಾರರು ಅಡ್ಡ ನಿಂತರು. ಇಳಿಸಲು ಬಿಡಲಿಲ್ಲ. ಎಲ್ಲರೂ ಓದಿದವರು, ಎಲ್ಲರ ಹತ್ತಿರ ವಿಜ್ಞಾನಿಗಳ ಪಡೆ. ಆದರೂ ಎಲ್ಲರ ಪಾಲು ಕೂಡಿಸಿದರೆ ವಿಜ್ಞಾನಿಗಳು ಹೇಳಿದ ಮಿತಿಗಿಂತ ಜಾಸ್ತಿಯೇ ಆಗುತ್ತಿತ್ತು.

ನಮ್ಮಲ್ಲಿ ಬೇರೆ ದೇಶ ಬೇಡ, ಪಕ್ಕದ ರಾಜ್ಯವೇ ಸಾಕು. ದಡದಿಂದ 12 ನಾಟಿಕಲ್ ಮೈಲಿ ತನಕ ಮೀನುಗಾರಿಕೆ ಆಯಾ ರಾಜ್ಯದ ಕೈಯಲ್ಲಿ. ನಮ್ಮ ಬೋಟು ಮೀನಿನ ಬೆನ್ನು ಹತ್ತಿ ಗೋವಾ, ರತ್ನಗಿರಿ ಕಡೆ ಹೋದಾಗ ಆದ ತಕರಾರುಗಳನ್ನು ನಾನು ನಿಮಗೆ ವಿವರಿಸುವುದು ಅಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಒಂದು ಮಾತು ಮಾತ್ರ. ಮೀನು ಒಂದು ಡಿಗ್ರಿಗೆ ಜಾಗ ಬದಲಿಸುತ್ತದೆ. ಬಂದರು, ಮಂಜುಗಡ್ಡೆ ಕಾರ್ಖಾನೆ, ಬೋಟಿನ ಮೇಲಿನ ಸಾಲ, ಮಕ್ಕಳ ಶಾಲೆ, ಇವು ಯಾವುದೂ ಅದರ ಹಿಂದೆ ಹೋಗುವುದಿಲ್ಲ. ಡೀಸೆಲ್ ಮಾತ್ರ ಹೋಗುತ್ತದೆ. ಇನ್ನು ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಹೆಂಗಸರಿಗೆ ಡೀಸೆಲ್ಲೂ ಇಲ್ಲ.

ಓಡಲು ಜಾಗವೇ ಇಲ್ಲದವರ ಕತೆ ಇನ್ನೂ ಕಷ್ಟ. ಅಲಾಸ್ಕಾದ ಹತ್ತಿರ ಬೇರಿಂಗ್ ಸಮುದ್ರದಲ್ಲಿ ಹಿಮ ಏಡಿ ಅಂತ ಇದೆ. ತಣ್ಣೀರು ಬೇಕು ಅದಕ್ಕೆ. 2018, 2019ರಲ್ಲಿ ಅಲ್ಲಿ ನೀರು ಕಾಯಿತು. ಏಡಿಗಳಿಗೆ ಹಸಿವು ಏರಿತು, ಆದರೆ ಊಟ ಅಷ್ಟೇ ಇತ್ತು. ಸುಮಾರು ಸಾವಿರ ಕೋಟಿ ಏಡಿಗಳು ಇಲ್ಲವಾದವು. 2022ರಲ್ಲಿ ಮೊದಲ ಬಾರಿಗೆ ಅಲ್ಲಿ ಆ ಏಡಿಯ ಹಂಗಾಮನ್ನೇ ರದ್ದು ಮಾಡಿದರು.

ಪ್ರಶ್ನೆಗಳ ಹೊತ್ತು. ಒಬ್ಬ ಹುಡುಗ ಕಾರ್ಗಿಲ್ ಮೀನಿನ ಬಗ್ಗೆ ಕೇಳಿದ. ಕರಿ ಮೈ, ಕೆಂಪು ಹಲ್ಲಿನ ಮೀನು, ಹೊರಗಿನವರು ಟ್ರಿಗರ್ ಫಿಶ್ ಅನ್ನುತ್ತಾರೆ. ಕಾರ್ಗಿಲ್ ಯುದ್ಧದ ಆಸುಪಾಸಿನಲ್ಲಿ ರಾಶಿ ರಾಶಿ ಕಾಣಿಸಿಕೊಂಡು ಆ ಹೆಸರು ಪಡೆಯಿತು ಅಂತ ಹೇಳುತ್ತಾರೆ. ಅದು ಬಿಸಿಯಿಂದ ಬಂದ ಹೊಸ ನೆಂಟನಾ ಅಂತ ಅವನ ಪ್ರಶ್ನೆ. ಹೊಸ ಮೀನು ಕಂಡಾಗಲೆಲ್ಲ ಬಿಸಿ ಅನ್ನುವುದು ಬೇಡ ಅಂದೆ. ಅದನ್ನು ತಿನ್ನುವ ದೊಡ್ಡ ಮೀನು ಕಮ್ಮಿ ಆದರೂ ಅದು ಹೆಚ್ಚಬಹುದು.

ಇನ್ನೊಬ್ಬರು ಮೊಬೈಲಿಗೆ ಬರುವ ಮೀನಿನ ಮಾಹಿತಿಯನ್ನು ನಂಬಬಹುದಾ ಅಂತ ಕೇಳಿದರು. ಹೈದರಾಬಾದಿನ ಇನ್‌ಕಾಯ್ಸ್ ಕೇಂದ್ರದ ಮಾಹಿತಿ ಅದು. ಉಪಗ್ರಹದಿಂದ ಕಡಲಿನ ಬಿಸಿ ಮತ್ತು ಪಾಚಿಯ ಹಸಿರು ನೋಡಿ, ತಣ್ಣೀರು ಬಿಸಿನೀರು ತಾಗುವ ಗೆರೆ ಎಲ್ಲಿದೆ ಅಂತ ಹೇಳುತ್ತಾರೆ. ಆ ಗೆರೆಯಲ್ಲಿ ಊಟ ಸೇರುತ್ತದೆ, ಊಟ ಇದ್ದಲ್ಲಿ ಮೀನು ಸೇರುತ್ತದೆ. ನಂಬಬಹುದು. ಎಲ್ಲ ಬೋಟುಗಳೂ ಅದೇ ಗೆರೆಗೆ ಓಡಿದರೆ ಏನಾಗುತ್ತದೆ ಅನ್ನುವುದು ಬೇರೆ ಮಾತು.

ಕೊನೆಗೆ ಮೀನು ಮಾರುವ ಒಬ್ಬರು ಅಕ್ಕ ಎದ್ದರು. 'ಇಷ್ಟೆಲ್ಲ ಹೇಳಿದ್ರಿ. ಈಗ ಬೈಗೆ ವಾಪಸ್ ಬಂದಿದೆಯಲ್ಲ, ಅದಕ್ಕೆ ಎಂತ ಹೇಳ್ತೀರಿ?'

ಹೌದು, ಬಂದಿದೆ. ಕೇರಳದಲ್ಲಿ 2021ರ ಮೂರು ಸಾವಿರ ಟನ್ 2023ರ ಹೊತ್ತಿಗೆ ಲಕ್ಷ ಟನ್ ದಾಟಿತು. ಒಂದೆರಡು ಒಳ್ಳೆ ಮಳೆಗಾಲ ಸಿಕ್ಕಿದರೆ ಈ ಮೀನು ಏಳುವ ವೇಗ ಅಂಥದ್ದು. ಆದರೆ 2024ರಲ್ಲಿ ಅಲ್ಲಿ ಬಂದ ಮತ್ತಿ ನೋಡಿದವರಿಗೆ ಗೊತ್ತು. ಲೆಕ್ಕಕ್ಕೆ ಜಾಸ್ತಿ, ಮೈಗೆ ಬಡಕಲು. ಮರಿ ಒಂದೇ ಸಲ ವಿಪರೀತ ಹುಟ್ಟಿ, ಇದ್ದ ಊಟವನ್ನು ಹಂಚಿ ತಿಂದು, ಯಾರೂ ಬೆಳೆಯಲಿಲ್ಲ. ಹಾಗಾಗಿ ಬುಟ್ಟಿ ತುಂಬಿತಾ ಅಂತ ಮಾತ್ರ ನೋಡಬೇಡಿ ಅಕ್ಕ, ಹೊಟ್ಟೆ ಸೀಳುವಾಗ ಕೊಬ್ಬು ಇದೆಯಾ, ಉದ್ದ ಎಷ್ಟಿದೆ ಅಂತ ನೋಡಿ. ಕಾವಲಿಗೆ ಹಾಕಿದಾಗ ತನ್ನ ಎಣ್ಣೆಯಲ್ಲೇ ಬೇಯುತ್ತದಾ ನೋಡಿ. ನನ್ನ ಉಪಗ್ರಹಕ್ಕಿಂತ ಮೊದಲು ನಿಮಗೆ ಗೊತ್ತಾಗುತ್ತದೆ.

'ಅದು ನಂಗೆ ಯಾವತ್ತೋ ಗೊತ್ತುಂಟು' ಅಂದರು ಅವರು. 'ಈ ವರ್ಷದ್ದಕ್ಕೆ ಎಣ್ಣೆ ನಾವೇ ಹಾಕ್ಬೇಕು.'